ಎರಡನೇ ಸಲ ಕೇಳಿದ ಪ್ರಶ್ನೆ

ಸುಮಂಗಲಾ ಎರಡು ಸಲ ಕೇಳಿದ್ದಳು. ಒಂದೇ ಸಲ ಕೇಳಿದಳು ಎಂದು ನಾನು ವಿಚಾರಣೆಯಲ್ಲಿ ಹೇಳಿದೆ. ಅದು ಸುಳ್ಳು. ಅದಕ್ಕೂ ಮುಂಚೆ, ಅವಳು ಕೇಳಿದ ಎರಡೂ ಸಲ ನಾನು ಕೊಟ್ಟ ಉತ್ತರವೂ ಸುಳ್ಳೇ. ಇಪ್ಪತ್ತನಾಲ್ಕು ವರ್ಷ ಈ ಸುಳ್ಳುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ದಿನಾ ಬೆಳಗಿನ ಐದಕ್ಕೆ ಎದ್ದಿದ್ದೇನೆ, ಅಂಗಿಗೆ ಇಸ್ತ್ರಿ ಹಾಕಿಕೊಂಡಿದ್ದೇನೆ, ನಾಲ್ಕು ಜನರಿಗೆ ಶಿಸ್ತಿನ ಬಗ್ಗೆ ಹೇಳಿದ್ದೇನೆ. ಜನ ಕೇಳಿದ್ದಾರೆ ಕೂಡ.

ನನ್ನ ಹೆಸರು ವೀರಭದ್ರಪ್ಪ ಪಾಟೀಲ. ನಮ್ಮ ಮೂಲ ಕೊಪ್ಪಳದ ಕಡೆ; ಅಜ್ಜನ ಕಾಲದಿಂದ ಹೈದರಾಬಾದಿನಲ್ಲಿ ಇದ್ದೇವೆ. ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲ್ ಟವರಿನಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದೆ. ನಾನು ಹೇಳುತ್ತಿರುವುದು ನಡೆದದ್ದು ಊರ ಹೊರಗಿನ ಒಂದು ಚಿಕ್ಕ ನಿಲ್ದಾಣದಲ್ಲಿ. ಅಲ್ಲಿ ಹುಡುಗರು ಹುಡುಗಿಯರು ವಿಮಾನ ಹಾರಿಸಲು ಕಲಿಯುತ್ತಿದ್ದರು. ಆ ನಿಲ್ದಾಣದ ಹೆಸರು ಬೇಡ. ತಪ್ಪು ಅದರದ್ದಲ್ಲ.

ಸುಮಂಗಲಾ ನನ್ನ ಗೆಳೆಯ ಬಸವಂತಪ್ಪನ ಮಗಳು. ಬಸವಂತಪ್ಪನದು ಕಾಚಿಗೂಡದಲ್ಲಿ ಬಟ್ಟೆ ಅಂಗಡಿ. ರವಿವಾರ ರವಿವಾರ ನಮ್ಮ ಕಡೆಯ ಏಳೆಂಟು ಮಂದಿ ಅವನ ಅಂಗಡಿಯ ಅಟ್ಟದ ಮೇಲೆ ಸೇರುತ್ತಿದ್ದೆವು— ವಚನ ಓದುವುದು, ಚಹಾ ಕುಡಿಯುವುದು, ಊರಿನ ಸುದ್ದಿ ಮಾತಾಡುವುದು. ಮಗಳು ಪೈಲಟ್ ಆಗುತ್ತೇನೆ ಎಂದು ಹಟ ಹಿಡಿದಾಗ ಅಟ್ಟದ ಮೇಲಿನವರೆಲ್ಲ ನಕ್ಕಿದ್ದರು. ‘ಸೀರಿ ಮಡಚೋದು ಕಲಸು, ಬಸವಂತಪ್ಪ. ಮ್ಯಾಲೆ ಹೋಗಿ ಯಾರಿಗೆ ಸೀರಿ ಮಾರ್ತಾಳ ಆಕಿ?’ ಎಂದು ಒಬ್ಬರು ಚುಚ್ಚಿದ್ದರು. ಬಸವಂತಪ್ಪ ನನ್ನ ಕಡೆ ತಿರುಗಿ ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ.

‘ನೀವು ಆ ಟವರಿನ್ಯಾಗ ಇರ್ತೀರಿ ಅಂತ ಧೈರ್ಯ ಮಾಡೀನ್ರಿ, ಪಾಟೀಲರ. ಇಲ್ಲಾಂದ್ರ ನಾ ಕಳಸ್ತಿದ್ದಿಲ್ಲ. ನನ್ನ ಮಗಳು ನಿಮ್ಮ ಕಿವ್ಯಾಗ ಇರ್ತಾಳ ಅಷ್ಟ.’

ಅವಳು ಚೆನ್ನಾಗಿ ಕಲಿತಳು. ಗೇಟಿನಲ್ಲಿ ಸಿಕ್ಕಾಗೆಲ್ಲ ಚೇಷ್ಟೆ ಮಾಡುತ್ತಿದ್ದಳು. ‘ಕಾಕಾ, ಇಲ್ಲೆ ಭಾಳ ನಗತೀರಿ. ರೇಡಿಯೋದಾಗ ನನ್ನ ಗುರುತ ಇಲ್ಲದಂಗ ಮಾತಾಡ್ತೀರಿ.’

‘ರೇಡಿಯೋದಾಗ ಕಾಕಾ ಇಲ್ಲವ್ವ. ಟವರ್ ಅಷ್ಟ ಇರ್ತೈತಿ’ ಎನ್ನುತ್ತಿದ್ದೆ. ಆ ಮಾತಿನ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಹೊರಡುವ ಮುನ್ನ ಪೈಲಟ್ ಟವರನ್ನು ಕರೆದು ತನ್ನ ರೇಡಿಯೋ ಪರೀಕ್ಷಿಸಿಕೊಳ್ಳಬೇಕು. ‘ಹೌ ಡು ಯು ರೀಡ್?’ ಎಂದು ಕೇಳುತ್ತಾರೆ— ನನ್ನ ಮಾತು ನಿಮಗೆ ಎಷ್ಟು ಸ್ಪಷ್ಟವಾಗಿ ಕೇಳುತ್ತಿದೆ ಎಂದು. ನಾವು ಒಂದರಿಂದ ಐದರವರೆಗಿನ ಒಂದು ಅಂಕಿಯಲ್ಲಿ ಉತ್ತರ ಕೊಡಬೇಕು. ಐದೆಂದರೆ ಪೂರ್ತಿ ಸ್ಪಷ್ಟ. ಮೂರೆಂದರೆ ತಿಣುಕಾಡಿದರೆ ಮಾತ್ರ ಅರ್ಥವಾಗುತ್ತದೆ. ಮೂರು ಎಂದರೆ ನಮ್ಮಲ್ಲಿ ತರಬೇತಿಯ ವಿಮಾನ ಹೊರಡುವಂತಿರಲಿಲ್ಲ. ಅದು ತಿರುಗಿ ಹೋಗಿ ನಿಲ್ಲಬೇಕು, ಮೆಕ್ಯಾನಿಕ್ ಬಂದು ನೋಡಬೇಕು, ನಾನು ಪುಸ್ತಕದಲ್ಲಿ ಕಾರಣ ಬರೆದು ಸಹಿ ಹಾಕಬೇಕು.

ಆ ಪುಸ್ತಕ— ಅಲ್ಲಿಂದಲೇ ಎಲ್ಲ ಶುರುವಾದದ್ದು. ಪ್ರತಿ ವಿಮಾನಕ್ಕೆ ಒಂದು ಸಾಲು: ವಿಮಾನದ ಗುರುತು, ಪೈಲಟ್ ಹೆಸರು, ಹೋಗುವ ದಿಕ್ಕು, ಕೊನೆಯ ಕಾಲಂನಲ್ಲಿ ರೇಡಿಯೋ ಪರೀಕ್ಷೆಯ ಅಂಕಿ. ನಾನು ಬೆಳಗಿನ ಆರಕ್ಕೆ ಡ್ಯೂಟಿಗೆ ಕೂರುತ್ತಿದ್ದಂತೆ ಆ ದಿನದ ಹಾರಾಟಗಳ ಪಟ್ಟಿ ನೋಡಿ ಸಾಲುಗಳನ್ನು ತುಂಬಿಬಿಡುತ್ತಿದ್ದೆ. ಅಂಕಿಯನ್ನೂ ತುಂಬುತ್ತಿದ್ದೆ. ಐದು, ಐದು, ಐದು— ಒಂದರ ಕೆಳಗೊಂದು, ಮುತ್ತಿನಂಥ ಅಕ್ಷರದಲ್ಲಿ. ಯಾವಾಗಲೂ ಐದೇ ಬರುತ್ತಿತ್ತು. ವಿಮಾನಗಳು ಸಾಲುಗಟ್ಟಿ ನಿಂತಾಗ ಬರೆಯಲು ಹೋದರೆ ಅಕ್ಷರ ಕೆಡುತ್ತದೆ, ಗೀಟು ಬೀಳುತ್ತದೆ. ನನ್ನ ಪುಟದಲ್ಲಿ ಗೀಟು ಇರುತ್ತಿರಲಿಲ್ಲ. ಹೊಸದಾಗಿ ಸೇರಿದವರಿಗೆ ಮೇಲಧಿಕಾರಿಗಳು ನನ್ನ ಪುಸ್ತಕ ತೆಗೆದು ತೋರಿಸುತ್ತಿದ್ದರು. ಹೀಗಿರಬೇಕು ನೋಡಿ, ಎಂದು.

ಕೇಳುವ ಮೊದಲೇ, ಕೇಳಿಸಿತು ಎಂದು ಬರೆಯುತ್ತಿದ್ದೆ. ಇದನ್ನು ಇಷ್ಟು ನೇರವಾಗಿ ನನಗೆ ನಾನೇ ಹೇಳಿಕೊಳ್ಳಲು— ಎಷ್ಟು ವರ್ಷ ಬೇಕಾಯಿತು.

ಆ ದಿನ ತಪಾಸಣೆಯವರು ಬರುವವರಿದ್ದರು. ಮಾತಿನ ದಾಖಲೆ ಇಡುವ ಟೇಪು ಯಂತ್ರ ಕೆಟ್ಟು ವಾರವಾಗಿತ್ತು, ದುರಸ್ತಿಗೆ ಹೋಗಿತ್ತು. ಆದ್ದರಿಂದ ಪುಸ್ತಕವಾದರೂ ಅಚ್ಚುಕಟ್ಟಾಗಿರಲಿ ಎಂದು ಹಿಂದಿನ ದಿನ ಮೇಲಧಿಕಾರಿ ಎರಡು ಸಲ ಹೇಳಿದ್ದರು. ಸುಮಂಗಲಾ ಅಂದು ಒಬ್ಬಳೇ ದೂರದ ಹಾರಾಟಕ್ಕೆ ಹೋಗಬೇಕಿತ್ತು. ಅದು ಮುಗಿದರೆ ಲೈಸೆನ್ಸಿಗೆ ಒಂದು ಪರೀಕ್ಷೆ ಮಾತ್ರ ಬಾಕಿ. ಅವಳ ಸಾಲು ನಾಲ್ಕನೆಯದು. ಅದರ ಕೊನೆಯಲ್ಲಿ ಐದು ಆಗಲೇ ಕೂತಿತ್ತು.

ಏಳು ಗಂಟೆ ಹತ್ತು ನಿಮಿಷ. ನನ್ನ ಸಹಾಯಕ ಹವಾಮಾನದ ಕಾಗದ ತರಲು ಕೆಳಗೆ ಹೋಗಿದ್ದ. ಟವರಿನಲ್ಲಿ ನಾನೊಬ್ಬನೇ. ಸ್ಪೀಕರಿನಲ್ಲಿ ಅವಳ ದನಿ ಬಂತು. ದನಿ ಅಲ್ಲ— ಎಣ್ಣೆಯಲ್ಲಿ ಸಾಸಿವೆ ಸಿಡಿದಂಥ ಚಟಪಟ, ಅದರ ನಡುವೆ ತುಂಡು ತುಂಡಾಗಿ ಅವಳ ಮಾತು. ‘ರೇಡಿಯೋ ಚೆಕ್... ಯು ರೀಡ್?’

ಮೂರು. ಒಂದು ಕ್ಷಣವೂ ಅನುಮಾನವಿರಲಿಲ್ಲ ನನಗೆ. ಕಿವಿ ಮೂರು ಎಂದಿತು. ಕಣ್ಣು ಪುಸ್ತಕದ ಮೇಲಿತ್ತು.

‘ರೀಡಿಂಗ್ ಯು ಫೈವ್’ ಎಂದೆ.

ಸ್ವಲ್ಪ ಹೊತ್ತು ಬರೀ ಚಟಪಟ. ಅವಳ ಕಿವಿಗೂ ಅದೇ ಸದ್ದು ಹೋಗುತ್ತಿದ್ದಿರಬೇಕು. ಬೇರೆ ಯಾರಾದರೂ ಆಗಿದ್ದರೆ ಟವರ್ ಹೇಳಿತಲ್ಲ ಎಂದು ಮುಂದೆ ಹೋಗುತ್ತಿದ್ದರು. ಅವಳು ಹೋಗಲಿಲ್ಲ. ಮತ್ತೆ ಕೇಳಿದಳು.

‘ಟವರ್, ಕನ್ಫರ್ಮ್ ಫೈವ್?’ ಖಂಡಿತ ಐದೇನಾ?

ಎಷ್ಟು ಸುಲಭವಿತ್ತು ಆಗ. ಒಂದು ಗೀಟು, ಒಂದು ಸಹಿ, ಅರ್ಧ ಗಂಟೆ ತಡ. ತಪಾಸಣೆಯವರು ಕೇಳಿದ್ದರೆ ಬೆನ್ನು ತಟ್ಟುತ್ತಿದ್ದರೋ ಏನೋ. ಇದು ಈಗ ಗೊತ್ತಿರುವುದಲ್ಲ, ಆಗಲೂ ಗೊತ್ತಿತ್ತು. ಆದರೂ—

‘ಅಫರ್ಮ್. ಫೈವ್.’ ಹೌದು, ಐದು.

ಗಾಳಿಯ ದಿಕ್ಕು ಹೇಳಿದೆ, ಹೊರಡಲು ಅನುಮತಿ ಕೊಟ್ಟೆ. ಅವಳು ಅದನ್ನು ನಿಯಮದಂತೆ ತಿರುಗಿ ಹೇಳಿದಳು. ಅರ್ಧ ಕೇಳಿಸಿತು, ಉಳಿದರ್ಧವನ್ನು ನಾನೇ ತುಂಬಿಕೊಂಡೆ. ಬಿಳಿ ವಿಮಾನ ರನ್‌ವೇ ಮೇಲೆ ಓಡಿ ಎದ್ದು ಹೋಯಿತು. ಸಹಾಯಕ ಕಾಗದ ಹಿಡಿದು ಮೇಲೆ ಬಂದ. ಪುಟ ಚೊಕ್ಕವಾಗಿತ್ತು.

ಮುಕ್ಕಾಲು ಗಂಟೆಯ ಮೇಲೆ ಅವಳು ಅರ್ಧ ದಾರಿಯಿಂದಲೇ ಹಿಂದಿರುಗಿದಾಗ ರೇಡಿಯೋ ಪೂರ್ತಿ ಸತ್ತಿತ್ತು. ಕರೆದೆ, ಉತ್ತರವಿಲ್ಲ. ಆಗಷ್ಟೇ ರನ್‌ವೇ ಪರೀಕ್ಷಿಸುವ ಜೀಪನ್ನು ಒಳಗೆ ಬಿಟ್ಟಿದ್ದೆ. ರೇಡಿಯೋ ಕೈಕೊಟ್ಟಾಗ ತೋರಿಸಲು ಟವರಿನಲ್ಲಿ ಒಂದು ದೊಡ್ಡ ಸಿಗ್ನಲ್ ದೀಪ ಇರುತ್ತದೆ. ಕೆಂಪು ತೋರಿಸಿದರೆ ಇಳಿಯಬೇಡ ಎಂದು. ನಾನು ಅದನ್ನು ಹಿಡಿದು ಅವಳ ಕಡೆ ಕೆಂಪು ಹಾಯಿಸಿದೆ, ಹಾಯಿಸುತ್ತಲೇ ಇದ್ದೆ. ಅವಳು ಬರುತ್ತಿದ್ದ ಕಡೆಯಿಂದ ನೋಡಿದರೆ ಸೂರ್ಯ ಟವರಿನ ಬೆನ್ನಿಗೇ ಇದ್ದ. ಆ ಬೆಳಕಿನಲ್ಲಿ ನನ್ನ ದೀಪ ಯಾವ ಲೆಕ್ಕ. ಚಕ್ರ ನೆಲ ಮುಟ್ಟಿದ ಮೇಲೆ ಅವಳಿಗೆ ಜೀಪು ಕಂಡಿತು. ತಪ್ಪಿಸಿದಳು. ಜೀಪಿನಲ್ಲಿದ್ದ ಇಬ್ಬರು ಉಳಿದರು. ವಿಮಾನ ಹುಲ್ಲಿಗೆ ಇಳಿದು ಚರಂಡಿಗೆ ಮೂಗು ಬಡಿದು ನಿಂತಿತು. ಅವಳ ಬಲಗೈ ಎರಡು ಕಡೆ ಮುರಿದಿತ್ತು.

ಆಸ್ಪತ್ರೆಗೆ ಹೋದೆ. ಮೂಸಂಬಿ ತೆಗೆದುಕೊಂಡು ಹೋಗಿದ್ದೆ. ಬಸವಂತಪ್ಪ ನನ್ನ ಎರಡೂ ಕೈ ಹಿಡಿದು ಅತ್ತ. ‘ನೀವು ಇದ್ದಿರಿ ಅಂತ ಜೀವ ಉಳೀತ್ರಿ.’ ನಾನು ಕೈ ಬಿಡಿಸಿಕೊಂಡು ಮೂಸಂಬಿಯನ್ನು ಮಂಚದ ಪಕ್ಕದಲ್ಲಿಟ್ಟೆ.

ವಿಚಾರಣೆಗೆ ಮೂವರು ಅಧಿಕಾರಿಗಳು ಬಂದರು. ವಿಮಾನದ ರೇಡಿಯೋ ಪೆಟ್ಟಿಗೆ ಚರಂಡಿಯಲ್ಲಿ ಜಜ್ಜಿಹೋಗಿತ್ತು, ಪರೀಕ್ಷಿಸುವಂತಿರಲಿಲ್ಲ. ಆದರೆ ಅದರ ದನಿ ಹೆಚ್ಚು ಕಡಿಮೆ ಮಾಡುವ ತಿರುಗಣಿ ಪೂರ್ತಿ ಕೆಳಕ್ಕೆ ತಿರುಗಿದ್ದು ಕಂಡಿತ್ತು. ಆಕಾಶದಲ್ಲಿ ಸದ್ದು ಸತ್ತಾಗ ಅವಳು ಅದನ್ನು ಆಚೆ ಈಚೆ ತಿರುಗಿಸಿ ನೋಡಿದ್ದಾಳೆ. ಯಾರಾದರೂ ಹಾಗೇ ಮಾಡುತ್ತಾರೆ. ಅಥವಾ ಅವಳನ್ನು ಹೊರಗೆಳೆದವರ ಕೈ ತಗಲಿರಬಹುದು. ಎಲ್ಲ ನಿಂತಿದ್ದು ಒಂದು ಪ್ರಶ್ನೆಯ ಮೇಲೆ— ಹೊರಡುವ ಮುನ್ನ ರೇಡಿಯೋ ಸರಿಯಿತ್ತೆ? ಇದ್ದರೆ ತಪ್ಪು ಅವಳ ಕೈಯದು.

ಅವಳು ಪ್ಲಾಸ್ಟರ್ ಹಾಕಿದ ಕೈ ಮಡಿಲಲ್ಲಿಟ್ಟುಕೊಂಡು ನೇರವಾಗಿ ಹೇಳಿದಳು: ಸದ್ದು ಸರಿಯಿರಲಿಲ್ಲ, ಅನುಮಾನ ಬಂದು ಎರಡನೇ ಸಲ ಕೇಳಿದೆ, ಟವರ್ ಎರಡು ಸಲವೂ ಐದು ಎಂದಿತು.

ಅಧ್ಯಕ್ಷರು ನನ್ನ ಪುಸ್ತಕ ತೆರೆದು ನಾಲ್ಕನೇ ಸಾಲಿನ ಮೇಲೆ ಬೆರಳಿಟ್ಟರು. ‘ಮಿಸ್ಟರ್ ಪಾಟೀಲ್, ನಿಮಗೆ ಕೇಳಿಸಿದ್ದು ಐದೇ?’

‘ಐದೇ ಸರ್.’

‘ಎರಡನೇ ಸಲ ಕೇಳಿದಳೆ?’

ಹೌದು ಎಂದರೆ, ಯಾಕೆ ಕೇಳಿದಳು ಎಂಬ ಪ್ರಶ್ನೆ ಏಳುತ್ತಿತ್ತು. ಚೆನ್ನಾಗಿ ಕೇಳುತ್ತಿದ್ದರೆ ಯಾರೂ ಎರಡನೇ ಸಲ ಕೇಳುವುದಿಲ್ಲ. ನಾನು ಅಷ್ಟನ್ನೂ ಆ ಕುರ್ಚಿಯಲ್ಲಿ ಕೂತೇ ಯೋಚಿಸಿದೆ. ಬಾಯಿ ತಪ್ಪಿ ಬಂದ ಮಾತಲ್ಲ ಅದು.

‘ಇಲ್ಲ ಸರ್. ಒಂದೇ ಸಲ.’

ಅವಳು ನನ್ನ ಕಡೆ ತಿರುಗಿದಳು. ಸಿಟ್ಟು ಇರುತ್ತದೆ ಎಂದು ಕಾದಿದ್ದೆ. ಸಿಟ್ಟಿದ್ದರೆ ಇವತ್ತು ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಅವಳ ಮುಖದಲ್ಲಿದ್ದದ್ದು ಅನುಮಾನ— ನನ್ನ ಮೇಲಲ್ಲ, ತನ್ನ ಮೇಲೆ. ಕಾಕಾ ಸುಳ್ಳು ಹೇಳುವವರಲ್ಲ. ಹಾಗಾದರೆ ನಾನು ಕೇಳಲಿಲ್ಲವೇ? ಕೇಳಿದೆ ಎಂದು ಅಂದುಕೊಂಡೆನೆ? ಆ ಯೋಚನೆ ಹುಟ್ಟಿದ ಗಳಿಗೆಯನ್ನು ನಾನು ಕಣ್ಣಾರೆ ಕಂಡೆ.

ಗಾಬರಿಯಲ್ಲಿ ತಿರುಗಣಿ ತಪ್ಪಾಗಿ ತಿರುಗಿಸಿದ್ದಾಳೆ ಎಂದು ವರದಿ ಬಂತು. ತರಬೇತಿ ನಿಂತಿತು. ‘ಸಾಕವ್ವ, ಜೀವ ಐತಲ್ಲ’ ಎಂದು ಬಸವಂತಪ್ಪ ಕೈಮುಗಿದ. ಅಟ್ಟದ ಮೇಲೆ ಗೆಳೆಯರು ವರ್ಷಗಟ್ಟಲೆ ಅದನ್ನೇ ಆಡಿಕೊಂಡರು. ‘ಹುಡುಗಿ ಗಾಬರ್ಯಾತು. ಹೆಣ್ಣಮಕ್ಕಳ ಕೈಯಾಗ ಅದೆಲ್ಲ ಆಗೂದಲ್ಲ.’ ನಾನು ಚಹಾ ಕುಡಿಯುತ್ತ ಕೂತಿರುತ್ತಿದ್ದೆ. ಬಸವಂತಪ್ಪ ತಲೆ ತಗ್ಗಿಸುತ್ತಿದ್ದ. ಒಂದು ದಿನ ಅವನೇ ಅಂದ: ‘ಆಕಿ ನಿಮ್ಮ ಹೆಸರು ತೆಗದಳು ಅಲ್ಲೆ, ವಿಚಾರಣಿಯೊಳಗ. ಸಣ್ಣಾಕಿ, ಮನಸಿಗೆ ಹಚ್ಚಿಕೋಬ್ಯಾಡ್ರಿ.’ ನಾನು ಹಚ್ಚಿಕೊಂಡಿಲ್ಲ ಎಂದು ಹೇಳಿದೆ.

ಅವನು ತೀರಿಕೊಂಡು ಒಂಬತ್ತು ವರ್ಷ. ನಾನು ಹೆಗಲು ಕೊಟ್ಟೆ.

ಆ ಚಟಪಟ ಸದ್ದು ಮಾತ್ರ ನನ್ನನ್ನು ಬಿಡಲಿಲ್ಲ. ಅಡಿಗೆಮನೆಯಲ್ಲಿ ಒಗ್ಗರಣೆ ಬಿದ್ದರೆ ನನ್ನ ಕೈಯ ಪತ್ರಿಕೆ ನಿಲ್ಲುತ್ತದೆ— ಒಳಗಿನಿಂದ ಯಾರೋ ಏನೋ ಕೇಳುತ್ತಿದ್ದಾರೆ ಅನಿಸುತ್ತದೆ. ‘ಏನಂದಿ?’ ಎಂದು ಕೂಗುತ್ತೇನೆ. ‘ನಾ ಏನೂ ಅಂದಿಲ್ರೀ. ಟವರ್ ಇಳದು ಊಟಕ್ಕ ಬರ್ರಿ’ ಎಂದು ನನ್ನ ಹೆಂಡತಿ ನಗುತ್ತಾಳೆ. ಮೊಬೈಲಿನಲ್ಲಿ ಮಾತು ತುಂಡಾದರೆ ಬೆವರುತ್ತೇನೆ. ನಾಚಾರಂ ಕಡೆಯ ಬಸ್ಸಿನಲ್ಲಿ ಒಮ್ಮೆ ಕಂಡಕ್ಟರ್ ಎರಡು ಸಲ ಎಲ್ಲಿಗೆ ಎಂದು ಕೇಳಿದ. ಎರಡನೇ ಸಲ ಕೇಳಿದ್ದಕ್ಕೇ ಮುಂದಿನ ಸ್ಟಾಪಿನಲ್ಲಿ ಇಳಿದುಬಿಟ್ಟೆ. ನನ್ನಿಂದ ಯಾರೂ ಏನನ್ನೂ ಎರಡು ಸಲ ಕೇಳಬಾರದು— ಮನೆಯಲ್ಲಿ ಮಕ್ಕಳಿಗೂ ಇದೇ ಕಟ್ಟಳೆ. ಅಪ್ಪ ಭಾರಿ ಶಿಸ್ತು ಎಂದುಕೊಂಡು ಬೆಳೆದರು ಅವರು.

ಎರಡು ತಿಂಗಳ ಹಿಂದೆ, ಗದಗಿನ ಕಡೆಯ ಗಾಡಿ ಹಿಡಿಯಲು ಕಾಚಿಗೂಡ ಸ್ಟೇಷನ್ನಿನಲ್ಲಿ ಕೂತಿದ್ದೆ. ‘ಕಾಕಾ, ಗುರ್ತು ಹತ್ತಲಿಲ್ಲೇನ್ರಿ?’ ಎಂದು ಒಬ್ಬ ಹೆಂಗಸು ಬಂದು ಕಾಲು ಮುಟ್ಟಿದಳು. ಸುಮಂಗಲಾ. ಕೂದಲು ನರೆತಿತ್ತು. ನಾರಾಯಣಗೂಡದಲ್ಲಿ ಕೋಚಿಂಗ್ ಸೆಂಟರಿನಲ್ಲಿ ಗಣಿತ ಹೇಳುತ್ತಾಳಂತೆ. ಪಕ್ಕದಲ್ಲಿ ಹದಿನೆಂಟರ ಮಗಳು, ಅನಘಾ. ಹುಡುಗಿ ನೀರಿನ ಬಾಟಲಿ ತರಲು ಹೋದಾಗ ತಾಯಿ ಹೇಳಿದಳು.

‘ಇಕಿಗೂ ಅದ ಹುಚ್ಚು ಹಿಡದೈತ್ರಿ. ಪೈಲಟ್ ಆಗ್ತೀನಿ ಅಂತಾಳ. ಫಾರ್ಮಿಗೆ ನಾ ಸಹಿ ಮಾಡವಲ್ಲೆ.’

‘ಯಾಕ?’ ಎಂದೆ. ಕೇಳಬಾರದಿತ್ತು. ಅಥವಾ ಇಪ್ಪತ್ತನಾಲ್ಕು ವರ್ಷದ ಹಿಂದೆಯೇ—

‘ನಮ್ಮ ಕೈ ನೆಟ್ಟಗಿಲ್ರಿ ಕಾಕಾ. ನಾ ಸ್ಕೂಟಿ ಸುದ್ದಾ ಓಡಸಂಗಿಲ್ಲ. ಆ ತಿರುಗಣಿ ನಾನ ತಿರಿವೀನಿ, ಈಗ ನನಗ ಕಣ್ಣಿಗೆ ಕಟ್ಟಿದಂಗ ಕಾಣ್ತೈತಿ. ನೆಲದ ಮ್ಯಾಲೆ ಇದ್ದಾಗನ ತಿರಿವೀನಿ.’ ಮಗಳು ಹೋದ ಕಡೆ ಒಮ್ಮೆ ನೋಡಿ, ‘ಎರಡ ಸಲ ಕೇಳೀನಿ ಅಂತ ಎಲ್ಲಾರ ಮುಂದ ನಿಮ್ಮನ್ನ ಸಿಗಿಸಿದೆ. ತಪ್ಪಾತ್ರಿ. ಅವತ್ತ ಹೇಳಬೇಕಂದೆ, ಧೈರ್ಯ ಆಗಲಿಲ್ಲ’ ಎಂದಳು.

ನನ್ನ ಬಳಿ ಕ್ಷಮೆ ಕೇಳಿದಳು. ನನ್ನ ಬಳಿ.

ಆಗದೇ ಇದ್ದದ್ದು ಅವಳಿಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿದೆ. ನಾನು ಒಂದು ವರದಿಯನ್ನು ಕೆಡಿಸಿದ್ದೇನೆ ಎಂದುಕೊಂಡಿದ್ದೆ. ಕೆಡಿಸಿದ್ದು ಅವಳ ನೆನಪನ್ನು. ಈಗ ಅದು ಮಗಳವರೆಗೂ ಹರಿದಿದೆ. ಗಾಡಿ ಬಂತು. ಅವಳೇ ನನ್ನ ಚೀಲ ಎತ್ತಿಕೊಟ್ಟಳು. ನಾನು ಹೇಳಲಿಲ್ಲ. ಅಲ್ಲಿಯೂ ಹೇಳಲಿಲ್ಲ.

ಹೇಳಲು ಇನ್ನೂ ಮೂರು ವಾರ ತೆಗೆದುಕೊಂಡೆ. ಒಂದು ಸಂಜೆ ನಾರಾಯಣಗೂಡದ ಅವಳ ಮನೆಗೆ ಹೋದೆ. ಕೂರಲು ಹೇಳಿದಳು, ನಿಂತೇ ಹೇಳಿದೆ. ಮೊದಲೇ ಬರೆದಿಟ್ಟ ಅಂಕಿ, ಮೂರಾಗಿ ಕೇಳಿಸಿದ ದನಿ, ಎರಡು ಸುಳ್ಳು ಉತ್ತರ, ವಿಚಾರಣೆ. ಯಾವುದನ್ನೂ ಬಿಡಲಿಲ್ಲ. ಮಗಳು ಬಾಗಿಲ ಬಳಿ ನಿಂತು ಕೇಳುತ್ತಿದ್ದಳು.

ಸುಮಂಗಲಾ ಕೇಳಿದಳು. ‘ಕೇಳಿದ್ನಿ? ಎರಡನೇ ಸಲ, ಖರೇನ ಕೇಳಿದ್ನಿ ನಾನು?’

‘ಕೇಳಿದ್ದಿ.’

‘ಅಂಜಿದ್ನೇನ್ರಿ ಆವಾಗ? ದನಿ ಹೆಂಗಿತ್ತು?’

‘ಅಂಜಿದ್ದಿಲ್ಲ. ಸದ್ದಿನ ನಡುವ ಸುದ್ದಾ ದನಿ ಗಟ್ಟಿ ಇತ್ತು.’

ಅವಳು ತನ್ನ ಬಲಗೈಯನ್ನು ಮುಂದೆ ಚಾಚಿ ನೋಡಿಕೊಂಡಳು, ಬೇರೆ ಯಾರದೋ ಕೈ ನೋಡುವಂತೆ. ಆಮೇಲೆ ಕೈ ಕೆಳಗಿಳಿಸಿದಳು. ‘ಅಪ್ಪ ಸಾಯೋ ಮಟ ತಲಿ ತಗ್ಗಿಸಿದ. ಅವಗ ಯಾರು ಹೇಳೋರ್ರಿ ಈಗ?’

ಕ್ಷಮಿಸು ಎಂಬ ಮಾತು ನಾಲಿಗೆಯವರೆಗೆ ಬಂದಿತ್ತು. ಅದನ್ನು ಕೇಳುವುದೂ ಅವಳಿಂದ ಮತ್ತೇನೋ ಕಿತ್ತುಕೊಂಡಂತೆ ಅನಿಸಿ ನುಂಗಿದೆ.

‘ನನಗೊಬ್ಬಾಕಿಗೆ ಮನಿಯೊಳಗ ಬಂದು ಹೇಳಿದ್ರ ಮುಗಿಯಂಗಿಲ್ರಿ, ಪಾಟೀಲರ’ ಎಂದಳು. ಕಾಕಾ ಅನ್ನಲಿಲ್ಲ. ‘ನನ್ನ ಸುಳ್ಳಿ ಅಂತ ಮಾಡಿದ್ದು ಮಂದಿ ಮುಂದ. ಇದನ್ನೂ ಮಂದಿ ಮುಂದ ಹೇಳ್ರಿ. ಬರೀರಿ, ಅಚ್ಚು ಹಾಕಸ್ರಿ, ಕೆಳಗ ನಿಮ್ಮ ಹೆಸರು ಇರಲಿ.’

ಅನಘಾಳ ಫಾರ್ಮಿನ ಬಗ್ಗೆ ಕೇಳಬೇಕೆಂದು ಬಾಯಿ ತೆರೆದೆ. ಅವಳಿಗೆ ತಿಳಿಯಿತು. ‘ಅದು ನಿಮಗ ಸಂಬಂಧ ಇಲ್ಲ’ ಎಂದಳು. ನಿಜ. ಸಹಿ ಹಾಕಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ತಿಳಿದುಕೊಳ್ಳುವ ಹಕ್ಕೂ ಇಲ್ಲ.

ಬರೆದಿದ್ದೇನೆ. ಇದರ ಒಂದು ಪ್ರತಿಯನ್ನು ಅಂದು ವಿಚಾರಣೆ ನಡೆಸಿದ ಕಚೇರಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. ಅವರು ಏನು ಕ್ರಮ ತೆಗೆದುಕೊಂಡರೂ ಸರಿ. ಬಸವಂತಪ್ಪನ ಅಂಗಡಿಯನ್ನು ಈಗ ಅವನ ತಮ್ಮ ನೋಡಿಕೊಳ್ಳುತ್ತಾನೆ. ಅಟ್ಟದ ಕೂಟ ಇನ್ನೂ ನಡೆಯುತ್ತಿದೆ. ಹುಡುಗಿ ಗಾಬರಿಯಾಯಿತು ಎಂದು ಆಡಿಕೊಂಡವರಲ್ಲಿ ನಾಲ್ವರು ಬದುಕಿದ್ದಾರೆ. ಒಬ್ಬರಿಗೆ ಕಣ್ಣು ಕಾಣುವುದಿಲ್ಲ, ಅಚ್ಚಾದದ್ದನ್ನು ಓದಲಾರರು. ಆದ್ದರಿಂದ ಬರುವ ರವಿವಾರ ಬೆಳಿಗ್ಗೆ ಹತ್ತಕ್ಕೆ ಅಟ್ಟ ಹತ್ತಿ, ವಚನ ಶುರುವಾಗುವ ಮುಂಚೆ, ಇದನ್ನು ಮೊದಲಿನಿಂದ ಕೊನೆಯವರೆಗೆ ನಾನೇ ಗಟ್ಟಿಯಾಗಿ ಓದುತ್ತೇನೆ. ಮಧ್ಯದಲ್ಲಿ ಯಾರಾದರೂ ಸಾಕು ಬಿಡ್ರಿ, ಹಳೇ ಮಾತು ಎಂದರೆ ನಿಲ್ಲಿಸುವುದಿಲ್ಲ. ಬಸವಂತಪ್ಪ ಗೋಡೆಗೆ ಒರಗಿ ಕೂರುತ್ತಿದ್ದ ಜಾಗವನ್ನು ಈಗಲೂ ಯಾರೂ ಹಿಡಿಯುವುದಿಲ್ಲ. ಆ ಕಡೆ ಮುಖ ಮಾಡಿ ಓದುತ್ತೇನೆ.

— ವೀರಭದ್ರಪ್ಪ ಪಾಟೀಲ